ಬಣ್ಣ ಬರುವ ಮೊದಲೇ ಗಂಡು–ಹೆಣ್ಣು: ಆಫ್ರಿಕನ್ ಸಿಕ್ಲಿಡ್ ಸಾಕುವವರಿಗೆ ಹಂತ ಹಂತವಾಗಿ

ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಆಫ್ರಿಕನ್ ಸಿಕ್ಲಿಡ್ ಮರಿಗಳನ್ನು ಕೊಂಡು ತಂದಿದ್ದೀರಿ. ತಿಂಗಳುಗಳು ಕಳೆದರೂ ಎಲ್ಲ ಮರಿಗಳೂ ಒಂದೇ ಥರ ಕಾಣುತ್ತಿವೆಯೇ? ಭಯಪಡಬೇಡಿ. ಮಲಾವಿ ಸರೋವರದ ಪೀಕಾಕ್, ವೀನಸ್ಟಸ್ ಮೀನುಗಳಲ್ಲಿ ಗಂಡಿಗೆ ಬಣ್ಣ ಬರುವುದೇ ನಿಧಾನ. ಬಣ್ಣವನ್ನು ನಂಬಿ ಕೂರದೆ ಮೀನಿನ ಹೊಟ್ಟೆಯಡಿ ನೋಡುವುದನ್ನು ಕಲಿಯೋಣ.

ಹಂತ 1: ಜಾತಿ ತಿಳಿದುಕೊಳ್ಳಿ
ಅಂಗಡಿಯವರಲ್ಲಿ ಮೀನಿನ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಪೀಕಾಕ್‌ನಲ್ಲಿ ಗಂಡಿಗೆ ಬಣ್ಣ, ಹೆಣ್ಣು ಬೂದು. ವೀನಸ್ಟಸ್ ಗಂಡಿಗೆ ಮುಖ ನೀಲಿಯಾಗುತ್ತದೆ. ಆದರೆ ಎಲೋ ಲ್ಯಾಬ್‌ನಲ್ಲಿ ಎರಡೂ ಹಳದಿ, ಬ್ಲೂ ಡಾಲ್ಫಿನ್‌ನಲ್ಲಿ ಎರಡೂ ನೀಲಿ.
ಎಚ್ಚರ: ಎರಡು ಇಂಚಿನ ಪೀಕಾಕ್ ಮರಿಗಳೆಲ್ಲ ಝಗಮಗಿಸುತ್ತಿದ್ದರೆ ಹಾರ್ಮೋನ್ ಕೊಟ್ಟಿರಬಹುದು. ಆ ಬಣ್ಣ ನಂಬಬೇಡಿ.

ಹಂತ 2: ಉದ್ದ ಅಳೆಯಿರಿ
ಗಾಜಿಗೆ ಸ್ಕೇಲ್ ಹಿಡಿದು ಅಂದಾಜು ನೋಡಿ. ಮೂರು ಇಂಚು ಆಗುವವರೆಗೆ ತೀರ್ಮಾನ ಬೇಡ. ವೀನಸ್ಟಸ್‌ಗೆ ಇನ್ನೂ ಹೆಚ್ಚು ಕಾಯಬೇಕು. ಪೂರ್ತಿ ಬಣ್ಣಕ್ಕೆ ವರ್ಷ ದಾಟುವುದುಂಟು.

ಹಂತ 3: ನೀರು ಸರಿಮಾಡಿ
ಒತ್ತಡದಲ್ಲಿರುವ ಗಂಡು ಬಣ್ಣ ತೋರುವುದಿಲ್ಲ. ಪಿಎಚ್ 7.8ರಿಂದ 8.5, ಉಷ್ಣತೆ 25–27 ಡಿಗ್ರಿ ಇರಲಿ. ಡಿಸೆಂಬರ್–ಜನವರಿಯ ಚಳಿಗೆ ಹೀಟರ್ ಹಾಕಿ.
ಎಚ್ಚರ: ಪಿಎಚ್ ಒಂದೇ ದಿನದಲ್ಲಿ ಏರಿಸಬೇಡಿ.

ಹಂತ 4: ಜಿಲೇಬಿ ಮೀನಿನಲ್ಲಿ ಕೈ ಪಳಗಿಸಿ
ಮೀನು ಮಾರ್ಕೆಟ್ಟಿನಲ್ಲಿ ಸಿಗುವ ಜಿಲೇಬಿ, ಅಂದರೆ ತಿಲಾಪಿಯಾ ಕೂಡ ಆಫ್ರಿಕಾದ ಸಿಕ್ಲಿಡ್ಡೇ. ಅಡುಗೆಗೆ ತಂದದ್ದನ್ನು ತೊಳೆಯುವ ಮುಂಚೆ ಅಂಗಾತ ಮಲಗಿಸಿ, ಟಾರ್ಚ್ ಹಿಡಿದು ನೋಡಿ. ಹೊಟ್ಟೆ ಮುಗಿಯುವಲ್ಲಿ, ತಲೆಯ ಕಡೆಗಿರುವುದು ಗುದದ್ವಾರ. ಅದರ ಹಿಂದೆ ಬಾಲದ ಕಡೆ ಪುಟ್ಟ ಉಬ್ಬು. ಗಂಡಿನ ಉಬ್ಬು ಚೂಪು, ತುದಿಯಲ್ಲಿ ಒಂದೇ ರಂಧ್ರ. ಹೆಣ್ಣಿನದು ಅಗಲ, ನಡುವೆ ಅಡ್ಡ ಸೀಳು. ನಾಲ್ಕಾರು ಮೀನು ನೋಡಿದರೆ ಕಣ್ಣು ಪಳಗುತ್ತದೆ.

ಹಂತ 5: ನಿಮ್ಮ ಮೀನನ್ನು ತಿರುಗಿಸಿ ನೋಡಿ
ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈ ಮೈಮೇಲಿನ ಲೋಳೆ ಕಿತ್ತುಬಿಡುತ್ತದೆ. ಮೆತ್ತನೆಯ ನೆಟ್‌ನಲ್ಲಿ ಹಿಡಿದು, ಹೊಟ್ಟೆ ಮೇಲೆ ಮಾಡಿ, ಮೊಬೈಲ್‌ನಲ್ಲಿ ಹತ್ತಿರದಿಂದ ಫೋಟೊ ತೆಗೆದು ತಕ್ಷಣ ನೀರಿಗೆ ಬಿಡಿ. ಆಮೇಲೆ ಫೋಟೊ ದೊಡ್ಡದು ಮಾಡಿ ನೋಡಿ. ಗುದದ್ವಾರ, ಅದರ ಹಿಂದಿನ ರಂಧ್ರ ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರವಾದರೆ ಗಂಡು. ಹಿಂದಿನದು ದೊಡ್ಡದಿದ್ದರೆ ಹೆಣ್ಣು.
ಎಚ್ಚರ: ಗೊತ್ತಾಗಲಿಲ್ಲವೇ? ಅವತ್ತೇ ಮತ್ತೆ ಹಿಡಿಯಬೇಡಿ. ಒಂದು ತಿಂಗಳು ಬಿಟ್ಟು ನೋಡಿ.

ಹಂತ 6: ನಡವಳಿಕೆ ಗಮನಿಸಿ
ಊಟ ಹಾಕುವ ಮುಂಚೆ ಹತ್ತು ನಿಮಿಷ ಸುಮ್ಮನೆ ಕೂತು ನೋಡಿ. ಮರಳು ತೋಡಿ ಗುಂಡಿ ಮಾಡುವುದು, ಮೈ ನಡುಗಿಸುತ್ತ ಹೆಣ್ಣಿನ ಮುಂದೆ ಸುತ್ತುವುದು ಗಂಡಿನ ಕೆಲಸ.
ಎಚ್ಚರ: ಮಂಕಾಗಿರುವುದೆಲ್ಲ ಹೆಣ್ಣಲ್ಲ. ಜೋರಿನ ಗಂಡಿಗೆ ಹೆದರಿ ಇನ್ನೊಂದು ಗಂಡು ಬಣ್ಣ ಅಡಗಿಸಿಕೊಳ್ಳುತ್ತದೆ. ಬೇರೆ ಟ್ಯಾಂಕಿಗೆ ಹಾಕಿದರೆ ಬಣ್ಣ ತೋರಲು ಶುರುಮಾಡಬಹುದು. ರೆಕ್ಕೆಯ ಮೇಲಿನ ಮೊಟ್ಟೆಯಂಥ ಚುಕ್ಕೆಗಳನ್ನೂ ನಂಬಬೇಡಿ, ಅವು ಹೆಣ್ಣಿನಲ್ಲೂ ಇರಬಹುದು.

ಹಂತ 7: ಬಾಯಿ ನೋಡಿ
ಈ ಮೀನುಗಳಲ್ಲಿ ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಗಂಟಲು ಉಬ್ಬಿದೆ, ಊಟಕ್ಕೆ ಬರುತ್ತಿಲ್ಲ, ಆಗಾಗ ಬಾಯಿ ಆಡಿಸುತ್ತಿದೆ ಎಂದರೆ ಅದು ಹೆಣ್ಣೇ, ಅನುಮಾನವಿಲ್ಲ. ಸುಮಾರು ಮೂರು ವಾರ ಅದನ್ನು ಮುಟ್ಟಬೇಡಿ. ಗಾಬರಿಯಾದರೆ ಮೊಟ್ಟೆ ಉಗುಳಿಬಿಡುತ್ತದೆ.

ಹಂತ 8: ಗುಂಪು ಹೊಂದಿಸಿ
ಒಂದು ಗಂಡಿಗೆ ಮೂರು ಹೆಣ್ಣಾದರೂ ಇರಲಿ. ಹೆಚ್ಚಾದ ಗಂಡುಗಳನ್ನು ಅಂಗಡಿಗೋ ಸಾಕುವ ಸ್ನೇಹಿತರಿಗೋ ಕೊಡಿ. ತುಂಗೆಗಾಗಲಿ ಭದ್ರೆಗಾಗಲಿ ಖಂಡಿತ ಬಿಡಬೇಡಿ. 1952ರಲ್ಲಿ ಭಾರತಕ್ಕೆ ತಂದ ಜಿಲೇಬಿ ಇಂದು ಎಷ್ಟೋ ಕೆರೆಗಳಲ್ಲಿ ತಾನೇ ತಾನಾಗಿ ಹಬ್ಬಿದೆ. ನಮ್ಮ ಹೊಳೆಯ ಮೀನುಗಳಿಗೆ ಇನ್ನೊಬ್ಬ ಪೈಪೋಟಿದಾರ ಬೇಡ.