ಗಣಕಯಂತ್ರದೊಳಗಿನ ಗೊಂಬೆಮನೆ

ಮಗುವಿನ ಕೈಗೆ ಒಂದು ಗೊಂಬೆಯನ್ನು ಕೊಟ್ಟು, ತುಸು ದೂರದಲ್ಲಿ ಕುಳಿತು ನೋಡಿರಿ. ಅಂಗಡಿಯವನು ಅದನ್ನು ಮದುವಣಗಿತ್ತಿಯೆಂದು ಹೇಳಿ ಮಾರಿರುತ್ತಾನೆ. ಮಗುವಾದರೋ ಅದಕ್ಕೆ ಜ್ವರ ಬರಿಸುತ್ತದೆ, ಕಹಿ ಕಷಾಯ ಕುಡಿಸುತ್ತದೆ, ಸುಳ್ಳು ಹೇಳಿತೆಂದು ಮೂಲೆಯಲ್ಲಿ ನಿಲ್ಲಿಸುತ್ತದೆ. ಸಂಜೆಯ ಹೊತ್ತಿಗೆ ಅದರ ಶವಸಂಸ್ಕಾರವನ್ನೂ ಮುಗಿಸಿರುತ್ತದೆ. ಮರುದಿನ ಬೆಳಗ್ಗೆ ಅದೇ ಗೊಂಬೆ ಎದ್ದು ಶಾಲೆಗೆ ಹೊರಡುತ್ತದೆ. ಅಂಗಡಿಯವನು ಹೇಳಿದುದಕ್ಕೂ ಮಗು ಮಾಡಿದುದಕ್ಕೂ ಇರುವ ಈ ಅಂತರವನ್ನು ಹಿರಿಯರಾದ ನಾವು ಕಂಡು ನಕ್ಕು ಸುಮ್ಮನಾಗುತ್ತೇವೆ.

ಗಣಕಯಂತ್ರವು ಮನೆಮನೆಗೂ ಬಂದ ಮೇಲೆ ಗೊಂಬೆಯಾಟವೂ ಅದರೊಳಗೆ ಪ್ರವೇಶಿಸಿತು. ಮನುಷ್ಯರ ದಿನನಿತ್ಯದ ಬಾಳನ್ನು, ಅಂದರೆ ಉಣ್ಣುವುದು, ಮಲಗುವುದು, ದುಡಿಯುವುದು, ಸ್ನೇಹ ಜಗಳಗಳು ಇವನ್ನೆಲ್ಲ ಪರದೆಯ ಮೇಲೆ ಅನುಕರಿಸುವ ಆಟಗಳಿಗೆ ಜೀವನಾನುಕರಣದ ಆಟಗಳೆಂದು ಹೆಸರು. ಇವುಗಳಲ್ಲಿ ಬಹು ಪ್ರಸಿದ್ಧವಾದುದು 'ದಿ ಸಿಮ್ಸ್' ಎಂಬುದು. ಅಂಗಡಿಯವನಿಗೂ ಮಗುವಿಗೂ ಇರುವ ಹಳೆಯ ಭಿನ್ನಾಭಿಪ್ರಾಯವು ಈ ಆಟದಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತು. ಅದಕ್ಕೆ ಕಾರಣವೇನೆಂಬುದನ್ನು ಆಟದ ಒಳಗಣ ಯಂತ್ರರಚನೆಯಿಂದಲೇ ತಿಳಿದುಕೊಳ್ಳಲು ಸಾಧ್ಯವಿದೆ. ಆ ವಿಚಾರವನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಆಟದ ಹುಟ್ಟು

ಇದನ್ನು ರೂಪಿಸಿದವರು ಅಮೆರಿಕದ ವಿಲ್ ರೈಟ್ ಎಂಬವರು. ೧೯೮೯ರಲ್ಲಿ ಪ್ರಕಟವಾದ 'ಸಿಮ್‌ಸಿಟಿ' ಎಂಬ ನಗರನಿರ್ಮಾಣದ ಆಟದಿಂದ ಅವರು ಹೆಸರಾಗಿದ್ದರು. ೧೯೯೧ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಓಕ್ಲೆಂಡ್ ಬೆಟ್ಟಗಳಲ್ಲಿ ಎದ್ದ ಬೆಂಕಿಯು ಸಾವಿರಾರು ಮನೆಗಳನ್ನು ಸುಟ್ಟಿತು. ರೈಟರ ಮನೆಯೂ ಅವುಗಳಲ್ಲೊಂದು. ಮನೆಯ ಸಾಮಾನುಗಳನ್ನು ಒಂದೊಂದಾಗಿ ಮತ್ತೆ ಕೂಡಿಸಿಕೊಳ್ಳಬೇಕಾಗಿ ಬಂದಾಗ, ಮನುಷ್ಯನಿಗೆ ನಿಜವಾಗಿ ಬೇಕಾದ ವಸ್ತುಗಳು ಯಾವುವೆಂಬ ಪ್ರಶ್ನೆ ಅವರನ್ನು ಕಾಡಿತು. ಈ ಪ್ರಶ್ನೆಯೇ ಆಟದ ಬೀಜವಾಯಿತು.

ಮೊದಲು ಅವರು ಯೋಚಿಸಿದ್ದುದು ಮನೆ ಕಟ್ಟುವ ಆಟವನ್ನು. ಕಟ್ಟಿದ ಮನೆ ವಾಸಕ್ಕೆ ಅನುಕೂಲವಾಗಿದೆಯೆ ಎಂಬುದನ್ನು ಅಳೆಯಲು ಅದರೊಳಗೆ ಪುಟ್ಟ ಮನುಷ್ಯರನ್ನು ಬಿಡಬೇಕೆಂದು ಅವರ ಉದ್ದೇಶ. ನೀರಿನ ಕಾವನ್ನು ತಿಳಿಯಲು ನಾವು ಉಷ್ಣಮಾಪಕವನ್ನು ಅದ್ದುವುದಿಲ್ಲವೆ? ಹಾಗೆ. ಆದರೆ ಮಾಪಕವೇ ನೀರಿಗಿಂತ ಹೆಚ್ಚು ಸ್ವಾರಸ್ಯಕರವಾಗಿ ಪರಿಣಮಿಸಿತು! ನೋಡುವವರ ಕಣ್ಣು ಗೋಡೆಗಳ ಮೇಲೆ ನಿಲ್ಲದೆ ಆ ಪುಟ್ಟ ಮನುಷ್ಯರ ಮೇಲೆಯೇ ನಿಂತಿತು. 'ಗೊಂಬೆಮನೆ' ಎಂಬ ಅರ್ಥದ ಹೆಸರಿನಿಂದ ಈ ಯೋಜನೆಯನ್ನು ಮುಂದಿಟ್ಟಾಗ ರೈಟರ ಮ್ಯಾಕ್ಸಿಸ್ ಸಂಸ್ಥೆಯೊಳಗೇ ಹೆಚ್ಚಿನ ಉತ್ಸಾಹ ಕಂಡುಬರಲಿಲ್ಲ. ೧೯೯೭ರಲ್ಲಿ ಆ ಸಂಸ್ಥೆಯು ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ದೊಡ್ಡ ಕಂಪೆನಿಗೆ ಸೇರಿತು. ೨೦೦೦ದ ಆರಂಭದಲ್ಲಿ ಆಟ ಮಾರುಕಟ್ಟೆಗೆ ಬಂದಿತು. ಎರಡೇ ವರ್ಷಗಳಲ್ಲಿ, ಅದುವರೆಗೆ ಅತ್ಯಧಿಕವಾಗಿ ಮಾರಾಟವಾಗಿದ್ದ 'ಮಿಸ್ಟ್' ಎಂಬ ಆಟವನ್ನೂ ಅದು ಹಿಂದೆ ಹಾಕಿತು.

ಸಿಮ್ ಹೇಗೆ ನಡೆದುಕೊಳ್ಳುತ್ತದೆ?

ಆಟದೊಳಗಿನ ಪ್ರತಿಯೊಬ್ಬ ಮನುಷ್ಯನಿಗೂ 'ಸಿಮ್' ಎಂದು ಹೆಸರು. ಸಿಮ್‌ಗೆ ಎಂಟು ಅಗತ್ಯಗಳಿವೆ: ಹಸಿವು, ಮೈಸುಖ, ಶುಚಿತ್ವ, ಮಲಮೂತ್ರಬಾಧೆ, ಶಕ್ತಿ, ವಿನೋದ, ಸಹವಾಸ, ಕೋಣೆಯ ಅಂದ. ಇವುಗಳಲ್ಲಿ ಒಂದೊಂದಕ್ಕೂ ಋಣ ೧೦೦ರಿಂದ ಧನ ೧೦೦ರವರೆಗಿನ ಒಂದು ಅಂಕಿಯುಂಟು. ತೂತಿರುವ ಕೊಡದಲ್ಲಿ ನೀರಿನ ಮಟ್ಟ ಇಳಿಯುವಂತೆ ಹೊತ್ತು ಕಳೆದ ಹಾಗೆ ಈ ಅಂಕಿಗಳು ಇಳಿಯುತ್ತಿರುತ್ತವೆ. ಉಂಡರೆ ಹಸಿವಿನ ಅಂಕಿ ಏರುತ್ತದೆ, ನಿದ್ರಿಸಿದರೆ ಶಕ್ತಿಯ ಅಂಕಿ ಏರುತ್ತದೆ.

ಹಾಗಾದರೆ ಹಸಿದಾಗ ಆಹಾರದ ಪೆಟ್ಟಿಗೆಯ ಬಳಿಗೆ ಹೋಗಬೇಕೆಂಬುದು ಸಿಮ್‌ಗೆ ಹೇಗೆ ತಿಳಿಯುತ್ತದೆ? ರೈಟರ ಜಾಣ್ಮೆ ಇರುವುದು ಇಲ್ಲಿಯೇ. ಸಿಮ್‌ಗೆ ಅದು ತಿಳಿದೇ ಇರುವುದಿಲ್ಲ! ಬುದ್ಧಿಯೆಲ್ಲ ವಸ್ತುಗಳಲ್ಲಿದೆ. ಆಹಾರದ ಪೆಟ್ಟಿಗೆಯು 'ನನ್ನ ಬಳಿಗೆ ಬಾ, ಹಸಿವು ಇಷ್ಟು ತೀರುತ್ತದೆ' ಎಂದೂ, ಟೆಲಿವಿಷನ್ 'ನನ್ನ ಬಳಿಗೆ ಬಾ, ವಿನೋದ ಇಷ್ಟು ಸಿಗುತ್ತದೆ' ಎಂದೂ ಸುತ್ತಲೂ ಸಾರುತ್ತಿರುತ್ತವೆ. ಈ ಸಾರುವಿಕೆಗೆ ಆಟವನ್ನು ರಚಿಸಿದವರು ಇಟ್ಟ ಹೆಸರೇ 'ಜಾಹೀರಾತು'. ಸಿಮ್ ಎಲ್ಲ ಜಾಹೀರಾತುಗಳನ್ನೂ ಕೇಳಿ, ತನಗೆ ಆಗ ಯಾವುದರ ಕೊರತೆ ಹೆಚ್ಚಾಗಿದೆಯೋ ಅದಕ್ಕೆ ತಕ್ಕಂತೆ ತೂಕಮಾಡಿ, ಹೆಚ್ಚು ತೂಗಿದ ಕಡೆಗೆ ಹೆಜ್ಜೆ ಹಾಕುತ್ತದೆ. ದೂರ ಹೆಚ್ಚಿದಂತೆ ದೀಪದ ಬೆಳಕು ಮಂಕಾಗುವ ಹಾಗೆ, ದೂರದ ವಸ್ತುವಿನ ಜಾಹೀರಾತೂ ದುರ್ಬಲವಾಗುತ್ತದೆ.

ಒಂದು ಚಿಕ್ಕ ಲೆಕ್ಕದಿಂದ ಇದು ಸ್ಪಷ್ಟವಾದೀತು. ಕೆಳಗಿನ ಅಂಕಿಗಳು ಉದಾಹರಣೆಗಾಗಿ ನಾವು ಕಲ್ಪಿಸಿಕೊಂಡವು. ಆಟದ ನಿಜವಾದ ಸೂತ್ರಗಳು ಇನ್ನೂ ಜಟಿಲ. ಆಹಾರದ ಪೆಟ್ಟಿಗೆಯು ೪೦ರಷ್ಟು ಹಸಿವನ್ನು ನೀಗುವುದಾಗಿಯೂ, ಟೆಲಿವಿಷನ್ ೫೦ರಷ್ಟು ವಿನೋದವನ್ನು ಕೊಡುವುದಾಗಿಯೂ ಸಾರಲಿ. ಸಿಮ್‌ನ ಹಸಿವಿನ ತೀವ್ರತೆ ೫, ಬೇಸರದ ತೀವ್ರತೆ ೨ ಇರಲಿ. ಪೆಟ್ಟಿಗೆ ೮ ಹೆಜ್ಜೆ ದೂರದಲ್ಲಿದೆ, ಟೆಲಿವಿಷನ್ ೨ ಹೆಜ್ಜೆ ದೂರದಲ್ಲಿದೆ. ತೀವ್ರತೆಯಿಂದ ಗುಣಿಸಿ ದೂರದಿಂದ ಭಾಗಿಸಿದರೆ ಪೆಟ್ಟಿಗೆಯ ಆಕರ್ಷಣೆ ೨೫, ಟೆಲಿವಿಷನ್ನಿನದು ೫೦. ಸಿಮ್ ಹಸಿದಿದ್ದರೂ ಟೆಲಿವಿಷನ್ನಿನ ಮುಂದೆ ಕುಳಿತುಕೊಳ್ಳುತ್ತದೆ. ಇನ್ನಷ್ಟು ಹೊತ್ತು ಕಳೆದು ಹಸಿವಿನ ತೀವ್ರತೆ ೧೨ಕ್ಕೆ ಏರಿದರೆ ಪೆಟ್ಟಿಗೆಯ ಆಕರ್ಷಣೆ ೬೦ ಆಗುತ್ತದೆ. ಸಿಮ್ ತಟ್ಟನೆ ಎದ್ದು ಊಟಕ್ಕೆ ಹೋಗುತ್ತದೆ. ಯಾವಾಗಲೂ ಮೊದಲನೆಯದನ್ನೇ ಆರಿಸಿದರೆ ಯಂತ್ರದಂತೆ ಕಾಣುವುದೆಂದು, ಮುಂದಿರುವ ಕೆಲವು ಆಯ್ಕೆಗಳಲ್ಲಿ ಒಂದನ್ನು ಚೀಟಿಯೆತ್ತಿದ ಹಾಗೆ ಆರಿಸುವ ಏರ್ಪಾಡೂ ಉಂಟು. ಅಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ಹೇಗೆ ಸಾಲುಗಟ್ಟುವುದೋ, ಜಾಹೀರಾತುಗಳ ಕ್ಷೇತ್ರದಲ್ಲಿ ಸಿಮ್ ಹಾಗೆ ನಡೆದಾಡುತ್ತದೆ. ನೋಡುವವರಿಗೆ ಮಾತ್ರ ಅದಕ್ಕೊಂದು ಮನಸ್ಸಿರುವಂತೆ ತೋರುತ್ತದೆ.

ಮಾರುವವರು ಹೇಳಿದ್ದು

ಇಂತಹ ಆಟವನ್ನು ಜನರಿಗೆ ಮಾರುವುದು ಹೇಗೆ? ಅಂಕಿಗಳ ಮತ್ತು ಗುಣಾಕಾರಗಳ ಮಾತನ್ನಾಡಿದರೆ ಯಾರು ಕೊಂಡಾರು? ತಾನಾಗಿ ಬದುಕುವ, ನಗುವ, ಪ್ರೀತಿಸುವ ಮನುಷ್ಯರೆಂದೇ ಸಿಮ್‌ಗಳನ್ನು ಪರಿಚಯಿಸಲಾಯಿತು. ಅದರ ಜೊತೆಗೆ ಹೊಸ ಹೊಸ ಸಾಮಗ್ರಿಗಳ ಮಾರಾಟವೂ ನಡೆಯಿತು. ೨೦೦೦ದಿಂದ ೨೦೦೩ರವರೆಗೆ ಮೊದಲ ಆಟಕ್ಕೆ ಏಳು ಪೂರಕ ಸಂಪುಟಗಳು ಬಂದುವು: ಔತಣಕೂಟಕ್ಕೊಂದು, ಪ್ರಣಯವಿಹಾರಕ್ಕೊಂದು, ರಜಾಪ್ರವಾಸಕ್ಕೊಂದು, ಸಾಕುಪ್ರಾಣಿಗಳಿಗೊಂದು, ತಾರಾಪದವಿಗೊಂದು, ಹೀಗೆ. ಎರಡನೆಯ ಆಟಕ್ಕೆ ೨೦೦೭ರಲ್ಲಿ ಎಚ್ ಅಂಡ್ ಎಮ್ ಕಂಪೆನಿಯ ಉಡುಪುಗಳೂ, ೨೦೦೮ರಲ್ಲಿ ಐಕಿಯ ಕಂಪೆನಿಯ ಪೀಠೋಪಕರಣಗಳೂ ಬಂದುವು. ಪ್ರಚಾರದಲ್ಲಿ ಅಲ್ಲಲ್ಲಿ ತುಂಟತನದ ಸುಳಿವಿದ್ದರೂ ಒಟ್ಟಿನಲ್ಲಿ ಕಾಣುತ್ತಿದ್ದುದು ಸುಖಸಂಸಾರದ ಚಿತ್ರ: ಅಂದವಾದ ಮನೆ, ತುಂಬಿದ ಸಾಮಾನು, ನಗುಮುಖದ ಗೆಳೆಯರು.

ಸ್ವಾರಸ್ಯವೆಂದರೆ, ರೈಟರ ಅಭಿಪ್ರಾಯವೇ ಇದಕ್ಕೆ ಹೊಂದುವಂತಿರಲಿಲ್ಲ. ಮನೆಯ ತುಂಬ ಸಾಮಾನು ಪೇರಿಸಿದವನ ಕಾಲವನ್ನೆಲ್ಲ ಆ ಸಾಮಾನುಗಳೇ ನುಂಗಿಬಿಡುವುವೆಂದೂ, ಕಾಲವನ್ನು ಉಳಿಸಿಕೊಡುತ್ತೇವೆಂದು ಅವು ಕೊಟ್ಟ ಮಾತು ಸುಳ್ಳಾಗುವುದೆಂದೂ ಅವರು ಹೇಳಿದ್ದುಂಟು. ಆಟದಲ್ಲಿ ವಸ್ತುಗಳು ಕೆಡುತ್ತವೆ, ಸೋರುತ್ತವೆ, ಧೂಳು ಹಿಡಿಯುತ್ತವೆ. ಕೊಂಡವನು ಅವುಗಳ ಸೇವಕನಾಗುತ್ತಾನೆ.

ಆಟಗಾರರು ಮಾಡಿದ್ದು

ಇನ್ನು ಆಟಗಾರರ ಕಡೆಗೆ ತಿರುಗೋಣ. ತಾನಾಗಿ ಬದುಕುವ ಮನುಷ್ಯರೆಂಬುದು ಆಟದ ಮೊದಲ ಹೆಗ್ಗಳಿಕೆಯಷ್ಟೆ? ಸಿಮ್‌ಗಳ ಸ್ವಂತ ಇಚ್ಛೆಯನ್ನು ನಿಲ್ಲಿಸಿಬಿಡುವ ಒಂದು ಗುಂಡಿಯೂ ಆಟದಲ್ಲಿಯೇ ಇದೆ. ತಮ್ಮ ಕಥೆಗೆ ಸಿಮ್‌ನ ಇಚ್ಛೆ ಅಡ್ಡಬಾರದೆಂದು ಅನೇಕರು ಅದನ್ನು ಒತ್ತಿದರು. ದುಡಿದು ಸಂಪಾದಿಸುವುದು ಆಟದ ಮುಖ್ಯ ಹೆದ್ದಾರಿ. ಒಂದು ಗುಪ್ತ ಪದವನ್ನು ಬರೆದರೆ ಸಾವಿರ ನಾಣ್ಯಗಳು ಪುಕ್ಕಟೆಯಾಗಿ ಸಿಗುವುದೆಂದು ತಿಳಿದ ಕೂಡಲೆ ಮನೆ ಕಟ್ಟುವುದರಲ್ಲಿ ಮಾತ್ರ ಆಸಕ್ತಿಯುಳ್ಳವರು ದುಡಿಮೆಯ ಗೊಡವೆಯನ್ನೇ ಬಿಟ್ಟರು. ಇವರಿಗೆ ತದ್ವಿರುದ್ಧವಾಗಿ, ಬರಿಯ ನೆಲದ ಮೇಲೆ ಬರಿಗೈಯ ಒಬ್ಬ ಸಿಮ್‌ನನ್ನು ಇಟ್ಟು ಹತ್ತು ತಲೆಮಾರುಗಳವರೆಗೆ ವಂಶವನ್ನು ನಡೆಸುವ ಕಠಿಣ ವ್ರತವನ್ನು ತಾವೇ ವಿಧಿಸಿಕೊಂಡವರೂ ಇದ್ದಾರೆ.

ಎಲ್ಲಕ್ಕಿಂತ ಹೆಸರಾದುದು ಈಜುಕೊಳದ ಪ್ರಸಂಗ. ಮೊದಲೆರಡು ಆಟಗಳಲ್ಲಿ ಸಿಮ್ ಕೊಳಕ್ಕಿಳಿದ ಮೇಲೆ ಏಣಿಯನ್ನು ತೆಗೆದುಬಿಟ್ಟರೆ ಅದು ಹೊರಗೆ ಬರಲಾರದು. ದಣಿದು ದಣಿದು ಮುಳುಗಿ ಸಾಯುತ್ತದೆ. ಎಷ್ಟೋ ಮಂದಿ ಆಟಗಾರರು ಈ ಪ್ರಯೋಗವನ್ನು ಮಾಡಿದರು. ಇದನ್ನು ಕ್ರೌರ್ಯವೆಂದು ಹಳಿಯುವುದಕ್ಕೆ ಮೊದಲು ಇದರಿಂದ ಏನು ತಿಳಿಯಿತೆಂದು ನೋಡಬೇಕು. ಮೊಳಕಾಲುದ್ದದ ದಂಡೆಯನ್ನು ಹಿಡಿದು ಮೇಲೇರಲು ಮನುಷ್ಯನಿಗೆ ಏಣಿ ಬೇಡ. ಸಿಮ್‌ಗಾದರೋ ಏಣಿಯಿಲ್ಲದೆ ದಾರಿಯಿಲ್ಲ, ಏಕೆಂದರೆ ಬುದ್ಧಿಯಿರುವುದು ವಸ್ತುಗಳಲ್ಲಿ. ಏಣಿಯನ್ನು ತೆಗೆದರೆ ಹೊರಬರುವ ಉಪಾಯವೇ ಲೋಕದಿಂದ ಮಾಯವಾದಂತೆ. ನಾವು ಮೇಲೆ ವಿವರಿಸಿದ ಗುಟ್ಟನ್ನು ಹತ್ತು ವರ್ಷದ ಹುಡುಗನೊಬ್ಬ ಯಾವ ಪುಸ್ತಕದ ನೆರವೂ ಇಲ್ಲದೆ ಏಣಿಯನ್ನು ತೆಗೆದು ಕಂಡುಕೊಂಡ! ೨೦೦೯ರಲ್ಲಿ ಬಂದ ಮೂರನೆಯ ಆಟದಲ್ಲಿ ಏಣಿಯಿಲ್ಲದೆಯೂ ಹೊರಬರುವುದನ್ನು ಸಿಮ್‌ಗಳಿಗೆ ಕಲಿಸಲಾಯಿತು. ಆಟಗಾರರು ಕೊಳದ ಸುತ್ತ ಗೋಡೆ ಕಟ್ಟಿದರು.

ಅದೇ ವರ್ಷ ಇಂಗ್ಲೆಂಡಿನಲ್ಲಿ ಆಟಗಳ ವಿನ್ಯಾಸವನ್ನು ಅಭ್ಯಾಸಮಾಡುತ್ತಿದ್ದ ವಿದ್ಯಾರ್ಥಿಯೊಬ್ಬರು ಬೇರೆ ಬಗೆಯ ಪ್ರಯೋಗವೊಂದನ್ನು ನಡೆಸಿದರು. ಮುಂಗೋಪಿಯಾದ ಒಬ್ಬ ತಂದೆ, ಮೃದುಸ್ವಭಾವದ ಒಬ್ಬ ಮಗಳು: ಈ ಇಬ್ಬರು ಸಿಮ್‌ಗಳನ್ನು ಮನೆಯಿಲ್ಲದೆ, ಹಣವಿಲ್ಲದೆ, ಉದ್ಯಾನದಂತಹ ಬಯಲಿನಲ್ಲಿ ಬಿಟ್ಟು, ನಡೆದುದನ್ನು ಚಿತ್ರಸಹಿತ ಬರೆದಿಟ್ಟರು. ಹುಡುಗಿ ಬೆಂಚಿನ ಮೇಲೆ ಮಲಗಿ, ಅರೆನಿದ್ರೆಯಲ್ಲಿ ಶಾಲೆಗೆ ಹೋಗಿ, ಕೆಲಸಕ್ಕೆ ಸೇರಿ ಕಾಸು ಸಂಪಾದಿಸಿದಳು. ಆಗ ಅವಳಲ್ಲಿ ಒಂದು ಬಯಕೆ ಮೂಡಿತು: ಆ ಹಣವನ್ನು ದಾನಮಾಡಬೇಕೆಂದು. ಬರೆಯುತ್ತಿದ್ದವರು ಅದಕ್ಕೆ ಅಡ್ಡಬರದೆ ನಡೆಸಿಕೊಟ್ಟರು. ಎಷ್ಟೋ ಓದುಗರ ಮನಸ್ಸು ಕಲಕಿತು. ಸುಖಸಂಸಾರವನ್ನು ಕಟ್ಟಲೆಂದು ಮಾರಿದ ಆಟದಲ್ಲಿ, ನಿರ್ಗತಿಕಳಾದ ಹುಡುಗಿಯೊಬ್ಬಳ ಔದಾರ್ಯದ ಕಥೆ ಹುಟ್ಟಿತು.

ಈ ಭಿನ್ನಾಭಿಪ್ರಾಯವು ಬಹಿರಂಗವಾಗಿ ಸಿಡಿದುದು ೨೦೧೪ರಲ್ಲಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಬಂದ ನಾಲ್ಕನೆಯ ಆಟದ ಪ್ರಚಾರವೆಲ್ಲ ಸಿಮ್‌ಗಳ ಭಾವನೆಗಳನ್ನೂ ಹೆಚ್ಚಿದ ಜಾಣ್ಮೆಯನ್ನೂ ಕುರಿತದ್ದು. ಅದರಲ್ಲಿ ಈಜುಕೊಳವಿರಲಿಲ್ಲ, ಅಂಬೆಗಾಲಿನ ಪ್ರಾಯದ ಮಕ್ಕಳೂ ಇರಲಿಲ್ಲ. ಹಳೆಯ ಆಟಗಾರರು ಹೊಸ ಭಾವನೆಗಳನ್ನು ಮೆಚ್ಚುವ ಬದಲು, ಕೊಳವೆಲ್ಲಿ, ಮಕ್ಕಳೆಲ್ಲಿ ಎಂದು ಕೂಗೆಬ್ಬಿಸಿದರು. ನವೆಂಬರಿನಲ್ಲಿ ಕೊಳಗಳು ಮರಳಿದುವು. ಮಕ್ಕಳು ಮರಳಲು ೨೦೧೭ರ ಜನವರಿಯವರೆಗೆ ಕಾಯಬೇಕಾಯಿತು. ಸಿಮ್ ಎಷ್ಟು ಜಾಣನೆಂಬುದು ಮಾರುವವರ ಲೆಕ್ಕವಾಗಿತ್ತು. ಸಿಮ್‌ನಿಂದ ಏನೇನನ್ನು ಮಾಡಿಸಬಹುದು, ಅದರ ವಂಶ ಹೇಗೆ ಬೆಳೆದೀತು ಎಂಬುದು ಆಟಗಾರರ ಲೆಕ್ಕ.

ಎರಡು ಜಾಹೀರಾತುಗಳು

ಈಗ ನಮ್ಮ ಮೊದಲ ಪ್ರಶ್ನೆಗೆ ಹಿಂದಿರುಗೋಣ. ಈ ಆಟದಲ್ಲಿ ಎರಡು ಬಗೆಯ ಜಾಹೀರಾತುಗಳಿವೆ. ಒಂದು ಆಟದ ಒಳಗೆ, ವಸ್ತುವು ಸಿಮ್‌ಗೆ ಕೊಡುವುದು. ಇನ್ನೊಂದು ಹೊರಗೆ, ಕಂಪೆನಿಯು ಆಟಗಾರನಿಗೆ ಕೊಡುವುದು. ಎರಡರ ಮಾತೂ ಒಂದೇ: 'ನನ್ನ ಬಳಿಗೆ ಬಾ, ನಿನ್ನ ಕೊರತೆ ತೀರುತ್ತದೆ.' ಸಿಮ್ ಅದನ್ನು ನಂಬಿ ನಡೆಯುತ್ತದೆ. ಬೇರೆ ಮಾಡಲು ಅದಕ್ಕೆ ಬರುವುದಿಲ್ಲ. ಆಟಗಾರನೂ ಒಮ್ಮೆ ನಂಬಿ ಹಣ ಕೊಟ್ಟು ಕೊಳ್ಳುತ್ತಾನೆ. ಆದರೆ ಕೊಂಡ ಮೇಲೆ ಏಣಿಯನ್ನು ತೆಗೆಯುತ್ತಾನೆ, ಮನೆಯನ್ನು ಕೆಡವುತ್ತಾನೆ, ಹುಡುಗಿಯ ಹಣವನ್ನು ದಾನ ಕೊಡಿಸುತ್ತಾನೆ. ಎಂಟು ಅಗತ್ಯಗಳ ಯಾವ ಕೋಷ್ಟಕದಲ್ಲಿಯೂ ಕಾಣದ ಒಂದು ಹಸಿವು ಅವನಲ್ಲಿದೆ. 'ಹೀಗೆ ಮಾಡಿದರೆ ಏನಾದೀತು?' ಎಂಬ ಹಸಿವು ಅದು.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಹಸಿವು ಅಪರಿಚಿತವಲ್ಲ. ನಾವು ತರಗತಿಯಲ್ಲಿ ಘರ್ಷಣೆಯಿಲ್ಲದ ಇಳಿಜಾರು, ತೂಕವಿಲ್ಲದ ದಾರ ಮೊದಲಾದ ಮಾದರಿಗಳನ್ನು ಕಲ್ಪಿಸಿ ಪಾಠ ಹೇಳುತ್ತೇವೆ. ಮಾದರಿ ಎಲ್ಲಿಯವರೆಗೆ ಸತ್ಯವೆಂಬುದನ್ನು ತಿಳಿಯಬೇಕಾದರೆ ಅದನ್ನು ಅದರ ಅಂಚಿನವರೆಗೂ ಎಳೆದು ನೋಡಬೇಕು. ಎಲ್ಲಿ ಮುರಿಯುವುದೋ ಅಲ್ಲಿಯೇ ಅದರ ಕಲ್ಪನೆಗಳು ಬಯಲಾಗುತ್ತವೆ. ಮಾದರಿಯನ್ನು ಜೀವನವೆಂದೇ ಸಾರುವುದು ಮಾರುವವರ ಕೆಲಸ. ಅದು ಮಾದರಿಯೆಂದು ಎತ್ತಿ ತೋರಿಸುವುದು ಏಣಿ ತೆಗೆಯುವವನ ಕೆಲಸ.

ಇದು ಆಟಕ್ಕೆ ಮಾತ್ರ ಸಂಬಂಧಿಸಿದ ವಿಷಯವೆಂದು ತಿಳಿಯಬಾರದು. ಮನುಷ್ಯನೆಂದರೆ ಕೆಲವು ಕೊರತೆಗಳ ಮೊತ್ತ, ತಕ್ಕ ಕರೆ ಕೇಳಿಸಿದರೆ ಆ ಕಡೆಗೆ ನಡೆಯುವವನು, ಎಂಬ ಎಣಿಕೆಯ ಮೇಲೆ ನಡೆಯುವ ವ್ಯಾಪಾರಗಳು ನಮ್ಮ ಸುತ್ತಲೂ ಬೆಳೆದಿವೆ. ಕಿಸೆಯೊಳಗಿನ ದೂರವಾಣಿಯಿಂದಲೂ ಆ ಕರೆಗಳು ಬರುತ್ತಿವೆ. ಆ ಎಣಿಕೆ ಬಹುಮಟ್ಟಿಗೆ ಫಲಿಸುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಹಸಿದರೂ ಟೆಲಿವಿಷನ್ನಿನ ಮುಂದಿನಿಂದ ಏಳದ ಸಿಮ್‌ನಲ್ಲಿ ನಮ್ಮ ಮುಖವನ್ನೇ ಕಾಣದವರು ವಿರಳ. ಆದರೂ ಆ ಸಿಮ್‌ಗೆ ಇಲ್ಲದ ಒಂದು ಅನುಕೂಲ ನಮಗಿದೆ. ಕರೆಯುತ್ತಿರುವವರು ಯಾರು, ನಮ್ಮ ಯಾವ ಕೊರತೆಯನ್ನು ಹೆಸರಿಸಿ ಕರೆಯುತ್ತಿದ್ದಾರೆ, ಎಷ್ಟು ದೂರದಿಂದ ಕರೆಯುತ್ತಿದ್ದಾರೆ ಎಂದು ಒಂದು ಕ್ಷಣ ನಿಂತು ಲೆಕ್ಕ ಹಾಕಬಲ್ಲೆವು. ಮುಂದಿನ ಸಲ ಮನೆಯ ಮಕ್ಕಳು ಪರದೆಯ ಮೇಲಿನ ಗೊಂಬೆಮನೆಗೆ ಬೆಂಕಿಯಿಟ್ಟುದನ್ನು ಕಂಡರೆ, ಗದರಿಸುವ ಮೊದಲು ಪಕ್ಕದಲ್ಲಿ ಕುಳಿತು, ಏನನ್ನು ಕಂಡುಹಿಡಿದೆಯೆಂದು ಕೇಳಿನೋಡಿರಿ.