ಡಿಫರೆನ್ಷಿಯಲ್ ಆಯಿಲ್: ಕಿಲೋಮೀಟರ್ ಜೊತೆಗೆ ಮಳೆಗಾಲವನ್ನೂ ಲೆಕ್ಕ ಹಿಡಿಯಿರಿ

ಆಲ್ ವೀಲ್ ಡ್ರೈವ್ ಗಾಡಿಯ ಡಿಫರೆನ್ಷಿಯಲ್ ಆಯಿಲನ್ನು ಯಾವಾಗ ಬದಲಿಸಬೇಕು ಎಂಬ ಪ್ರಶ್ನೆಗೆ ಕಂಪನಿಯ ಕೈಪಿಡಿ ಕಿಲೋಮೀಟರ್ ಲೆಕ್ಕದಲ್ಲಿ ಉತ್ತರ ಕೊಡುತ್ತದೆ. ಮಂಗಳೂರಿನಲ್ಲಿ ಅದೊಂದೇ ಸಾಲದು. ಶಿರಾಡಿ, ಚಾರ್ಮಾಡಿ ಘಾಟಿಯ ಏರುಹಾದಿಯಲ್ಲಿ ಭಾರ ಎಳೆದ ಡಿಫರೆನ್ಷಿಯಲ್ ಚೆನ್ನಾಗಿ ಬಿಸಿಯಾಗಿರುತ್ತದೆ. ಅದೇ ಬಿಸಿಯಲ್ಲಿ ಗಾಡಿ ರಸ್ತೆಯ ಮೇಲೆ ನಿಂತ ಮಳೆನೀರಿಗೆ ಇಳಿದರೆ ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗುತ್ತದೆ. ಬ್ರೀದರ್ ಕೊಳವೆಯಿಂದಲೋ ಸವೆದ ಸೀಲಿನಿಂದಲೋ ನೀರನ್ನು ಒಳಗೆಳೆದುಕೊಳ್ಳುತ್ತದೆ. ಪಂಪ್‌ವೆಲ್, ಕೊಟ್ಟಾರಚೌಕಿಯ ನೆರೆನೀರು ಕಂಡವರಿಗೆ ಇದು ದೂರದ ಮಾತಲ್ಲ. ನೀರು ಬೆರೆತ ಎಣ್ಣೆ ಗೇರಿನ ಹಲ್ಲುಗಳ ನಡುವೆ ಪದರವಾಗಿ ನಿಲ್ಲುವುದಿಲ್ಲ, ಬೇರಿಂಗಿಗೆ ತುಕ್ಕು ಹಿಡಿಯುತ್ತದೆ. ಹೀಗೆ ಕೆಟ್ಟ ಎಣ್ಣೆ ಮೀಟರ್ ಕೈಪಿಡಿಯ ಅಂಕಿ ಮುಟ್ಟುವವರೆಗೆ ಕಾಯುವುದಿಲ್ಲ.

ಆದ್ದರಿಂದ ಪ್ರತಿ ವರ್ಷ ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರಿನಲ್ಲಿ, ಒಮ್ಮೆ ಎಣ್ಣೆ ನೋಡಿಸಿ; ಗಾಲಿಯ ನಡುಮಟ್ಟದವರೆಗಿನ ನೀರಿನಲ್ಲಿ ಓಡಿಸಿದ್ದರೆ ಅದೇ ವಾರ ನೋಡಿಸಿ. ಎಣ್ಣೆ ಹಾಲು ಬೆರೆಸಿದ ಚಹಾದಂತೆ ಕಂಡರೆ ಕಿಲೋಮೀಟರ್ ಎಷ್ಟೇ ಇರಲಿ, ಬದಲಿಸಲೇಬೇಕು. ನೀರಿನ ಸುಳಿವಿಲ್ಲದಿದ್ದರೆ ಕೈಪಿಡಿಯಲ್ಲಿ ಕಠಿಣ ಬಳಕೆಗೆಂದು ಹೇಳಿದ ಅವಧಿಯನ್ನು ಪಾಲಿಸಿ. ಘಾಟಿಯಲ್ಲಿ ಆಗಾಗ ಓಡಾಡುವವರಿಗೆ 30,000 ಕಿಲೋಮೀಟರ್ ಸುರಕ್ಷಿತ ಮಿತಿ ಎಂಬುದು ನನ್ನ ಅಭಿಪ್ರಾಯ. ಕೈಪಿಡಿ ಅದಕ್ಕಿಂತ ಕಡಿಮೆ ಹೇಳಿದ್ದರೆ ಅದೇ ಅಂತಿಮ.

‘ನಾನು ಫೋರ್ ವೀಲ್ ಹಾಕುವುದೇ ಅಪರೂಪ’ ಎನ್ನುವವರಿದ್ದಾರೆ. ಆದರೆ ಥಾರ್, ಜಿಮ್ನಿಯಂಥ ಗಾಡಿಗಳಲ್ಲಿ ಟೂ ವೀಲ್‌ನಲ್ಲಿ ಓಡುವಾಗ ಎಂಜಿನ್ನಿನ ಪೂರ್ತಿ ಎಳೆತ ಬೀಳುವುದು ಹಿಂದಿನ ಡಿಫರೆನ್ಷಿಯಲ್ ಮೇಲೆಯೇ. ಇನ್ನು ಕೆಲವು ಕಂಪನಿಗಳು ‘ಜೀವಮಾನಕ್ಕೆ ಒಂದೇ ಸಲ’ ಎನ್ನುತ್ತವೆ. ಆ ಭರವಸೆ ಒಳಗೆ ನೀರು ಸೇರದ ಗಾಡಿಗೆ ಮಾತ್ರ ಹೊಂದುತ್ತದೆ. ಖರ್ಚಿನ ಮಾತು ಬಂದರೆ, ಒಂದೆರಡು ಲೀಟರ್ ಗೇರ್ ಆಯಿಲ್ ಬೆಲೆ ಕ್ರೌನ್ ಮತ್ತು ಪಿನಿಯನ್ ಬದಲಿಸುವ ಬಿಲ್ಲಿನ ಹತ್ತಿರಕ್ಕೂ ಬಾರದು.

ಕೆಲಸ ಮಾಡಿಸುವಾಗ ಪಕ್ಕದಲ್ಲೇ ನಿಲ್ಲಿ. ಗಾಡಿಯನ್ನು ಸ್ವಲ್ಪ ದೂರ ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ಸಮತಟ್ಟಾಗಿ ನಿಲ್ಲಿಸಬೇಕು. ಮೊದಲು ಬಿಚ್ಚಬೇಕಾದ್ದು ಮೇಲಿನ ಫಿಲ್ಲರ್ ಪ್ಲಗ್. ಅದು ತುಕ್ಕು ಹಿಡಿದು ಬಿಗಿದುಕೊಂಡಿದ್ದು, ಕೆಳಗಿನಿಂದ ಎಣ್ಣೆ ಖಾಲಿಯಾಗಿಬಿಟ್ಟರೆ ಮತ್ತೆ ತುಂಬಲು ದಾರಿಯೇ ಇರದು. ಆಮೇಲೆ ಡ್ರೇನ್ ಪ್ಲಗ್ ತೆಗೆಯಲಿ. ಅದರ ಅಯಸ್ಕಾಂತಕ್ಕೆ ಅಂಟಿದ ಬೂದು ಬಣ್ಣದ ನುಣುಪು ಹುಡಿ ಸಹಜ ಸವೆತ. ಲೋಹದ ಚೂರು ಕಂಡರೆ ಹಲ್ಲು ಅಥವಾ ಬೇರಿಂಗ್ ಒಡೆದಿದೆ, ಹೊಸ ಎಣ್ಣೆ ಅದನ್ನು ಸರಿಪಡಿಸದು. ಪ್ಲಗ್ ಒರೆಸಿ, ಹೊಸ ವಾಷರ್ ಹಾಕಿ, ಫಿಲ್ಲರ್ ತೂತಿನ ಅಂಚಿನಿಂದ ಎಣ್ಣೆ ಜಿನುಗುವವರೆಗೆ ತುಂಬಬೇಕು. ಬ್ರೀದರ್ ಕೆಸರಿನಿಂದ ಕಟ್ಟಿಕೊಂಡಿದ್ದರೆ ಆಗಲೇ ಬಿಡಿಸಲಿ. ಅದನ್ನು ಹಾಗೇ ಬಿಟ್ಟರೆ ಒತ್ತಡ ಸೀಲುಗಳ ಮೇಲೆ ಬೀಳುತ್ತದೆ.

ಎಣ್ಣೆಯ ದರ್ಜೆ ಕೈಪಿಡಿಯಲ್ಲಿರುವುದೇ ಆಗಬೇಕು. ಹೆಚ್ಚಾಗಿ ಅದು ಜಿಎಲ್-5. ಲಿಮಿಟೆಡ್ ಸ್ಲಿಪ್ ಇದ್ದರೆ ಅದಕ್ಕೆ ಹೊಂದುವ ಎಣ್ಣೆಯೇ ಬೇಕು. ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಬೇರೆ, ಅವಧಿಯೂ ಬೇರೆ ಇರಬಹುದು. ಮುಂದಿನ ಡಿಫರೆನ್ಷಿಯಲ್ ಅನ್ನಂತೂ ಮರೆಯುವವರೇ ಜಾಸ್ತಿ, ಬಿಲ್ಲಿನಲ್ಲಿ ಒಂದೊಂದನ್ನೂ ಪ್ರತ್ಯೇಕವಾಗಿ ಬರೆಸಿಕೊಳ್ಳಿ. ತೆಗೆದ ಹಳೆಯ ಎಣ್ಣೆ ತೋಡಿಗೆ ಹೋಗದಿರಲಿ, ಅಧಿಕೃತ ಮರುಬಳಕೆದಾರರಿಗೆ ಕೊಡುವ ಗ್ಯಾರೇಜಿನಲ್ಲೇ ಈ ಕೆಲಸ ಮಾಡಿಸಿ.