ಬೇಲೂರು ಸೀಮೆಯ ತೋಳಹಾವು: ಗುರುತು ಮತ್ತು ವರ್ಗೀಕರಣ

ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಅಂಚಿನಲ್ಲಿರುವ ಬೇಲೂರು ತಾಲ್ಲೂಕಿನಲ್ಲಿ ಕಾಫಿ ತೋಟ, ಭತ್ತದ ಗದ್ದೆ, ಯಗಚಿ ಜಲಾಶಯದ ಹಿನ್ನೀರು ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಕೇರೆಹಾವು, ನೀರುಹಾವುಗಳಂಥ ವಿಷರಹಿತ ಹಾವುಗಳು ಜನವಸತಿಯ ಸಮೀಪದಲ್ಲೇ ಬಾಳುತ್ತವೆ. ಗೋಡೆಯ ಬಿರುಕುಗಳಲ್ಲಿ ಅಡಗಿ, ರಾತ್ರಿ ಹಲ್ಲಿಗಳನ್ನು ಹಿಡಿದು ತಿನ್ನುವ ತೋಳಹಾವೂ ಇಂಥದೇ ಆಗಿದ್ದು, ಮೈಮೇಲಿನ ಪಟ್ಟೆಗಳಿಂದಾಗಿ ಕಡುವಿಷದ ಕಟ್ಟುಹಾವೆಂದು ಭಾವಿಸಿದ ಜನರ ಏಟಿಗೆ ಅದು ಬಲಿಯಾಗುತ್ತದೆ.

ತೋಳಹಾವಿನ ಕಂದು ಮೈಯ ಬಿಳಿ ಅಥವಾ ಹಳದಿ ಛಾಯೆಯ ಪಟ್ಟೆಗಳು ಕತ್ತಿನ ಬಳಿ ಅಗಲವಾಗಿದ್ದು ಬಾಲದತ್ತ ಮಾಸುತ್ತವೆ. ಕಟ್ಟುಹಾವಿನ ಹೊಳೆಯುವ ಕಪ್ಪು ಮೈಯಲ್ಲಿ ಸಾಮಾನ್ಯವಾಗಿ ಜೋಡಿಯಾಗಿರುವ ತೆಳು ಬಿಳಿ ಗೆರೆಗಳು ಕತ್ತಿನ ಬಳಿ ಅಸ್ಪಷ್ಟವಾಗಿದ್ದು ಹಿಂದಕ್ಕೆ ಹೋದಂತೆ ನಿಚ್ಚಳವಾಗುತ್ತವೆ. ಆದರೆ ಕಟ್ಟುಹಾವಿನ ಮರಿಗಳಲ್ಲಿ ಗುರುತುಗಳು ಮುಂಭಾಗದಲ್ಲೂ ಕಾಣುವುದರಿಂದಲೂ, ಪಟ್ಟೆಗಳೇ ಇಲ್ಲದ ತೋಳಹಾವುಗಳೂ ಇರುವುದರಿಂದಲೂ ಬಣ್ಣವೊಂದನ್ನೇ ನಂಬಲಾಗದು ಎಂಬುದು ಅನುಭವ ಕಲಿಸುವ ಮೊದಲ ಪಾಠ.

ಎರಡನೆಯ ಪಾಠ ಹುರುಪೆಗಳದು. ಕಟ್ಟುಹಾವಿನ ಬೆನ್ನಿನ ನಡುಸಾಲಿನ ಹುರುಪೆಗಳು ಆರು ಮೂಲೆಗಳುಳ್ಳವಾಗಿ ಅಕ್ಕಪಕ್ಕದವುಗಳಿಗಿಂತ ದೊಡ್ಡವಾಗಿದ್ದು, ಬಾಲದಡಿಯ ಹುರುಪೆಗಳು ಒಂಟಿಯಾಗಿರುತ್ತವೆ. ತೋಳಹಾವಿನ ನಡುಸಾಲು ಉಳಿದವುಗಳಂತೆಯೇ ಇದ್ದು, ಬಾಲದಡಿಯವು ಇಬ್ಭಾಗವಾಗಿರುತ್ತವೆ. ಮೂಗಿಗೂ ಕಣ್ಣಿಗೂ ನಡುವೆ ಇರುವ ‘ಲೋರಿಯಲ್’ ಎಂಬ ಹುರುಪೆ ತೋಳಹಾವಿಗೆ ಉಂಟು, ಕಟ್ಟುಹಾವಿಗೆ ಇಲ್ಲ. 1758ರಲ್ಲಿ ಲಿನೇಯಸ್ ಹೆಸರಿಸಿದ ತೋಳಹಾವನ್ನು, ಅಂದರೆ ಲೈಕೋಡಾನ್ ಆಲಿಕಸನ್ನು, ಕೇರೆಹಾವಿನೊಡನೆ ಕೊಲುಬ್ರಿಡೇ ಕುಟುಂಬಕ್ಕೂ, 1801ರಲ್ಲಿ ಷ್ನೈಡರ್ ವರ್ಣಿಸಿದ ಕಟ್ಟುಹಾವನ್ನು ನಾಗರಹಾವಿನೊಡನೆ ಎಲಾಪಿಡೇ ಕುಟುಂಬಕ್ಕೂ ಸೇರಿಸಿರುವುದು, ಪಟ್ಟೆಗಳ ಹೋಲಿಕೆ ರಕ್ತಸಂಬಂಧವಲ್ಲ ಎಂಬುದನ್ನು ತೋರಿಸುತ್ತದೆ. ತೋಳಹಾವಿನ ದವಡೆಯ ಮುಂಭಾಗದಲ್ಲಿ ಉದ್ದನೆಯ ಹಲ್ಲುಗಳಿದ್ದರೂ ಅವು ವಿಷದಂತಗಳಲ್ಲ.

ಈ ಲಕ್ಷಣಗಳನ್ನು ಕಲಿಯಲು ಜೀವಂತ ಹಾವನ್ನು ಮುಟ್ಟಬೇಕಾಗಿಲ್ಲ. ಕಳಚಿಬಿದ್ದ ಪೊರೆಯಲ್ಲಿ ಹುರುಪೆಗಳ ಜೋಡಣೆ ಉಳಿದಿರುತ್ತದೆ, ದೂರದಿಂದ ತೆಗೆದ ಸ್ಪಷ್ಟ ಚಿತ್ರದಲ್ಲಿ ಬೆನ್ನಿನ ನಡುಸಾಲು ಕಾಣುತ್ತದೆ. ಎಲ್ಲ ಲಕ್ಷಣಗಳೂ ಒಂದೇ ಉತ್ತರವನ್ನು ಸೂಚಿಸುವವರೆಗೆ ಎದುರಿನ ಹಾವನ್ನು ಕಟ್ಟುಹಾವೆಂದೇ ಎಣಿಸಿ ದೂರ ಸರಿದು, ಅರಣ್ಯ ಇಲಾಖೆಗೆ ಅಥವಾ ತರಬೇತಿ ಪಡೆದ ರಕ್ಷಕರಿಗೆ ತಿಳಿಸುವುದು ವಿವೇಕ. ಕಟ್ಟುಹಾವು ಕಚ್ಚಿದ ಜಾಗದಲ್ಲಿ ನೋವು, ಊತ ಬಹುತೇಕ ಇರುವುದಿಲ್ಲವಾದ್ದರಿಂದ, ಕಡಿತಕ್ಕೆ ಒಳಗಾದವರನ್ನು ಹಾವಿನ ಗುರುತಿಗಾಗಿ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಗುರುತಿಸುವ ಜ್ಞಾನ ಬೆಳೆದಂತೆ ನಿರಪರಾಧಿ ಹಾವು ಉಳಿಯುತ್ತದೆ, ಮನುಷ್ಯನೂ ಸುರಕ್ಷಿತನಾಗುತ್ತಾನೆ. ಆದ್ದರಿಂದ ಈ ಭಾಗದ ಶಾಲೆಗಳಲ್ಲಿ ಮಕ್ಕಳಿಗೆ ಹಾವಿನ ಭಯವನ್ನು ತುಂಬುವುದಕ್ಕಿಂತ ಅದರ ಲಕ್ಷಣಗಳನ್ನು ಕಲಿಸುವುದು ಹೆಚ್ಚು ಅಗತ್ಯ.